ಮೀಸಲು ಜಾಗ

ತಿಂಗಳ ಮೊದಲ ವಾರ
ಆಳಂದ ರೋಡಿಗಿ, ರಿಂಗ್ ರೋಡಿನ ಆಚೆ,
ಗುರುಕೃಪಾ ಬಡಾವಣೆಗಿ ಬರ್ತೀನಿ ನಾನು.
ಹೆಗಲಿಗಿ ಬಿಲ್ಲಿನ ಮಷೀನು, ತಲಿಗಿ ಹಸಿ ಟವೆಲ್ಲು.
ನೂರಾ ಹದಿನಾಲ್ಕು ಮೀಟರು ಅವ ಈಗ.
ಮೊದಲ ವರ್ಷ ಒಂಬತ್ತೇ ಇದ್ವು.

ಓದೋದು ಮೀಟರು, ಕೇಳೋದು ಮಂದಿ ಮಾತು.
ಕರೆಂಟಿನವ ಬಂದ ಅಂದ್ರ ಎಲ್ಲಾ ಹೇಳ್ತಾರ,
ನೀರು, ಗಟಾರು, ನಾಯಿ, ಸೊಸಿ,
ಎಲ್ಲಾ ನನ್ನದೇ ಖಾತೆ ಅನ್ನೂಹಂಗ.

"ಮಸ್ತ್ ಅದ ಬಿಡ್ರಿ" ಅಂತಾನ ಅಂಬಾರಾಯ
ಶಹಾಬಾದ ಕಲ್ಲಿನ ಕಟ್ಟಿ ಮ್ಯಾಲ ಕುಂತು,
"ಒಂಬತ್ತು ಲಕ್ಷದ ಪ್ಲಾಟು, ಇವತ್ತ ಎಷ್ಟದ ಕೇಳ್ರಿ."
ಕೇಳೋದ್ರಾಗ ತಾನೇ ಹೇಳ್ತಾನ,
ಪ್ರತಿ ತಿಂಗಳಾ ಒಂದೀಟು ಹೆಚ್ಚಿಸಿ.
ಮಾರ್ತೀಯೇನು ಅಂದ್ರ,
"ಮಾರಿ ಎಲ್ಲಿ ಇರ್ಲಿ? ಅಲ್ಲೀನೂ ರೇಟ್ ಏರ್ಯಾದಲ್ಲ!"

ಎದುರುಮನಿ ಜಗದೇವಿ ಟೀಚರಿಗಿ ಅದೇ ಓಣಿ ಬ್ಯಾರೆ.
ನಾಕು ದಿನಕ್ಕೊಮ್ಮೆ ನೀರು, ಅದೂ ರಾತ್ರಿ ಎರಡಕ್ಕ.
"ಹಳೇ ಮನ್ಯಾಗ ಉಪ್ಪು ಮುಗದ್ರ
ಗ್ವಾಡಿ ಮ್ಯಾಲಿಂದ ಕೈ ಬರ್ತಿತ್ತು.
ಇಲ್ಲಿ ಗಾಳಿ ಅದ, ಬೆಳಕದ,
ಉಪ್ಪಿಗಿ ಗಾಡಿ ತಗೀಬೇಕು."

ನೀಲೋಫರ್ ಮಾತ್ರ ಹಳೇ ಮೊಹಲ್ಲಾದ ಹೆಸರು ತಗಿಯಂಗಿಲ್ಲ.
ಸ್ಕೂಟಿ ಕಲತಿದ್ದು ಈ ಖಾಲಿ ರೋಡಿನ್ಯಾಗ,
ಬಿದ್ದಿದ್ದು ಎರಡು ಸಲ,
ನೋಡಿದ್ದು ಒಂದು ಹಂದಿ ಅಷ್ಟೇ.
"ಅಲ್ಲಿ ಆಗಿದ್ರ ಇಪ್ಪತ್ತು ಕಿಟಕಿ ನಗ್ತಿದ್ವು ಭಾಯ್."

ಗುಂಡೇರಾಯರು ಅರ್ಜಿ ಬರೀತಾರ.
ಅರ್ಜಿಗಿ ಬಸ್ ಸ್ಟಾಪಿನ ಶೆಡ್ ಬಂತು,
ಬಸ್ ಬರಲಿಲ್ಲ.
ಶೆಡ್ಡಿನ ನೆರಳಾಗ ಹಂದಿ ಮಲಗ್ತದ,
ಅದರ ಮ್ಯಾಲೂ ಒಂದು ಅರ್ಜಿ ಅದ.
ಅವರ ಮನಿ ಮ್ಯಾಲ ಸೋಲಾರ್,
ಹಗಲು ಹೊತ್ತು ಲೆಕ್ಕ ಹಿಂದಕ್ಕ ಹೋಗ್ತದ.
ಈ ಬಡಾವಣ್ಯಾಗ ಹಿಂದಕ್ಕ ಹೋಗೋದು
ಅದೊಂದೇ.

ನಡುವ ಒಂದು ಜಾಗ. ಕಲ್ಲಿನ ಮ್ಯಾಲ ಬರದಾರ:
ಉದ್ಯಾನಕ್ಕೆ ಮೀಸಲು.
ಅಂಬಾರಾಯಗ ಅಲ್ಲಿ ಗುಡಿ ಬೇಕು,
ಹುಡುಗರಿಗಿ ಜಿಮ್ಮು, ಟೀಚರಿಗಿ ನೀರಿನ ಟಾಕಿ,
ಕಾರಿದ್ದವರಿಗಿ ಕಾರು ನಿಲ್ಸಾಕ.
ಮಾಳಿಗಿ ಮ್ಯಾಲ ಮೀಟಿಂಗ್ ಆಯ್ತು.
ಕೂಲರಿನ ನೀರು ಮುಗಿಯೂತನಕ ಜಗಳಾಡಿ
ಒಂದು ಮಾತಿಗಿ ಎಲ್ಲರೂ ಒಪ್ಪಿದರು:
ಚಹಾದಾಗ ಸಕ್ಕರಿ ಕಮ್ಮಿ ಇತ್ತು.

ಹ್ವಾದ ಮಳಿಗಾಲದಾಗ ಅಲ್ಲೀ ತಗ್ಗು ಮುಚ್ಚಲಿಕ್ಕ
ದಾಲ್ ಮಿಲ್ಲಿನ ಕಸ ತಂದು ಸುರದ
ಒಬ್ಬ ಟ್ರ್ಯಾಕ್ಟರಿನವ.
ಹೊಟ್ಟು, ಮಣ್ಣು, ಉದರಿದ ಕಾಳು.
ಯಾರೂ ಬಿತ್ತಲಿಲ್ಲ. ಎದಿಮಟ ಬಂತು ತೊಗರಿ.
ದೀಪಾವಳಿ ಆಗಿ ವಾರಕ್ಕ ಹಳದಿ ಹೂವು ಕಂಡು
ನನ್ನ ಮಷೀನು ಬಂದ್ ಮಾಡಿ ನಿಂತೆ ಒಂದು ಗಳಿಗಿ.

"ಹಾವು ಬರ್ತಾವ" ಅಂದರು.
"ರೇಟ್ ಬೀಳ್ತದ" ಅಂದರು.
"ನಿಯಮದಾಗಿಲ್ಲ" ಅಂದರು ಗುಂಡೇರಾಯರು.

ಎಳ್ಳಮವಾಸಿಗಿ ಟೀಚರು ಬುಟ್ಟಿ ಹೊತ್ತು ಬಂದರು.
ಹೊಲ ಇಲ್ಲದವರು ಎಲ್ಲಿಗಿ ಹೋಗಬೇಕು ಹೇಳ್ರಿ?
ಮೀಸಲು ಕಲ್ಲಿಗಿ ಕುಂಕುಮ ಹಚ್ಚಿ
ಚರಗ ಚೆಲ್ಲಿದರು.
ಸಜ್ಜಿ ರೊಟ್ಟಿ, ಭಜ್ಜಿ, ಕಡಬು.
ಕಾಯಿ ಹರದು ಕುದಿಸಿದ್ದು ನೀಲೋಫರಳ ತಾಯಿ, ಉಪ್ಪು ಹಾಕಿ.
ಉಪ್ಪು ಆವತ್ತು ಎಲ್ಲರ ಮನಿಯಿಂದ ಬಂತು, ಹೆಚ್ಚಾತು.
ಗುಂಡೇರಾಯರು ಮೂರನೇ ಸಲ ಭಜ್ಜಿ ಹಾಕಿಸಿಕೊಂಡು
ಮತ್ತ ಅಂದರು: "ನಿಯಮದಾಗಿಲ್ಲ."

"ಸೂಗಪ್ಪಾ, ನಿನ್ನ ಅಭಿಪ್ರಾಯ ಏನು?"
ಯಾರೋ ಕೇಳಿದರು, ಮೊದಲ ಸಲ.
ನಾ ಇರೋದು ಅದೇ ಮಿಲ್ಲಿನ ಹಿಂದಿನ ಬಾಡಿಗಿ ಖೋಲ್ಯಾಗ.
ವರ್ಷಪೂರ್ತಿ ಆ ಹೊಟ್ಟಿನ ಧೂಳು ನನ್ನ ಅನ್ನದ ಮ್ಯಾಲ.
ಬಾಯಾಗ ಕಾಯಿ ಇತ್ತು. ತಲಿ ಅಲ್ಲಾಡಿಸಿದೆ,
ಹೌದೋ ಅಲ್ಲೋ ಅವರಿಗೂ ತಿಳಿಲಿಲ್ಲ.

ಈ ತಿಂಗಳು ಬಂದ್ರ ಜಾಗ ಸಪಾಟು.
ತೊಗರಿ ಕಟಿಗಿ ಒಂದು ಮೂಲ್ಯಾಗ ಪೇರಿಸ್ಯಾರ.
ಬೋರ್ ಹೊಡದಾರಂತ, ಟಾಕಿಗೋ ಗುಡಿಗೋ
ಇನ್ನಾ ನಿಕ್ಕಿ ಇಲ್ಲ.
ಕಲ್ಲಿನ ಬಗಲಿಗಿ ಹೊಸಾ ಪೆಟಗಿ,
ನೂರಾ ಹದಿನೈದನೇದು.
ಧೂಳು ಒರಸಿ ಓದಿದೆ:
ಸೊನ್ನಿ.